ಹೊರರೋಗಿಗಳಲ್ಲಿ ಆಂಟಿಬಯೋಟಿಕ್ ಬಳಕೆ: ಊರು, ವಯಸ್ಸಿಗೆ ತಕ್ಕಂತೆ ವ್ಯತ್ಯಾಸ

ಆಸ್ಪತ್ರೆಗೆ ದಾಖಲಾಗದೆ, ವೈದ್ಯರನ್ನು ಕಂಡು ಔಷಧಿ ಪಡೆದು ಮನೆಗೆ ಮರಳುವವರನ್ನು ಹೊರರೋಗಿಗಳು ಎನ್ನುತ್ತಾರೆ. ಇವರಿಗೆ ಬರೆದುಕೊಡುವ ಆಂಟಿಬಯೋಟಿಕ್‌ಗಳ (ಪ್ರತಿಜೀವಕ) ಪ್ರಮಾಣ ಎಲ್ಲೆಡೆ ಒಂದೇ ರೀತಿ ಇಲ್ಲ. ರೋಗ ಹೆಚ್ಚಿರುವಲ್ಲಿ ಔಷಧಿಯೂ ಹೆಚ್ಚು ಎಂಬುದು ಸಹಜ ಊಹೆ. ಆದರೆ ಅಂಕಿ ಅಂಶಗಳನ್ನು ನೋಡಿದರೆ ರೋಗದ ಜೊತೆಗೆ ರೂಢಿಯೂ ಇದಕ್ಕೆ ಕಾರಣ ಎಂಬುದು ತಿಳಿಯುತ್ತದೆ.

ಅಳೆಯುವುದು ಹೇಗೆ?

ಇದಕ್ಕೆ ಎರಡು ಕ್ರಮಗಳಿವೆ. ಒಂದು, ವರ್ಷಕ್ಕೆ ಪ್ರತಿ 1000 ಜನರಿಗೆ ಬರೆದ ಔಷಧಿ ಚೀಟಿಗಳ ಲೆಕ್ಕ. ಇನ್ನೊಂದು, ವಯಸ್ಕರ ಸರಾಸರಿ ದಿನದ ಪ್ರಮಾಣವನ್ನು ಒಂದು ಘಟಕವೆಂದು ಹಿಡಿದು, 1000 ಜನರಿಗೆ ದಿನವೊಂದಕ್ಕೆ ಎಷ್ಟು ಘಟಕ ಖರ್ಚಾಯಿತು ಎಂಬ ಲೆಕ್ಕ.

ವಯಸ್ಸು ಮತ್ತು ಲಿಂಗ

ಭಾರತದ ಖಾಸಗಿ ವೈದ್ಯರ ಚೀಟಿಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 2014ರಲ್ಲಿ ಸುಮಾರು 51.9 ಕೋಟಿ ಆಂಟಿಬಯೋಟಿಕ್ ಚೀಟಿಗಳನ್ನು ಬರೆಯಲಾಗಿತ್ತು. ಅಂದರೆ 1000 ಜನರಿಗೆ 412. ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಇದು 636 ಇದ್ದರೆ, 10ರಿಂದ 19 ವರ್ಷದವರಲ್ಲಿ ಕೇವಲ 280. ಎಲ್ಲಕ್ಕಿಂತ ಹೆಚ್ಚು ಚೀಟಿಗಳು ಮೂಗು, ಗಂಟಲಿನ ಸೋಂಕಿಗೆ ಸೇರಿದ್ದವು. ಇಂತಹ ಸೋಂಕು ಬಹುತೇಕ ವೈರಸ್‌ನಿಂದ ಬರುತ್ತದೆ, ವೈರಸ್ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಅಮೆರಿಕದಲ್ಲಿಯೂ ಪುಟ್ಟ ಮಕ್ಕಳು ಮತ್ತು ವೃದ್ಧರಲ್ಲಿ ಬಳಕೆ ಹೆಚ್ಚು. ಅಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಬರೆಯಲಾಗುತ್ತದೆ. ಮೂತ್ರನಾಳದ ಸೋಂಕು ಹೆಂಗಸರಲ್ಲಿ ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣ.

ಪ್ರದೇಶದ ವ್ಯತ್ಯಾಸ

2010ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1000 ಜನರಿಗೆ 1237 ಚೀಟಿಗಳಿದ್ದರೆ, ಅಲಾಸ್ಕಾದಲ್ಲಿ 529 ಮಾತ್ರ. 2010-11ರ ಮಾಹಿತಿಯ ಇನ್ನೊಂದು ವಿಶ್ಲೇಷಣೆಯಂತೆ ಆ ದೇಶದ ಹೊರರೋಗಿಗಳಿಗೆ ಬರೆದ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ ಶೇ. 30ರಷ್ಟು ಅನಗತ್ಯವಾಗಿದ್ದವು.

ಭಾರತದಲ್ಲಿ ಖಾಸಗಿ ಮಾರಾಟದ ಲೆಕ್ಕದಂತೆ ದೆಹಲಿಯಲ್ಲಿ ತಲಾ ಬಳಕೆ ಹೆಚ್ಚು, ಮಧ್ಯಪ್ರದೇಶದಲ್ಲಿ ಕಡಿಮೆ. ಆದರೆ ಬಳಕೆ ಕಡಿಮೆ ಇದ್ದ ಮಾತ್ರಕ್ಕೆ ಒಳ್ಳೆಯದೆಂದು ಹೇಳಲಾಗದು. ನ್ಯುಮೋನಿಯಾ ಬಂದ ಮಗುವಿಗೆ ಸಕಾಲಕ್ಕೆ ಔಷಧಿ ಸಿಗದಿದ್ದರೂ ಲೆಕ್ಕದಲ್ಲಿ ಬಳಕೆ ಕಡಿಮೆಯೇ ಕಾಣುತ್ತದೆ. ಆದ್ದರಿಂದ ಪ್ರಮಾಣದ ಜೊತೆಗೆ ಯಾವ ಔಷಧಿ ಎಂಬುದನ್ನೂ ನೋಡಬೇಕಾಗುತ್ತದೆ. 2019ರಲ್ಲಿ ದೇಶದ ಖಾಸಗಿ ವಲಯದಲ್ಲಿ ಖರ್ಚಾದ ಆಂಟಿಬಯೋಟಿಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರದಿಂದ ಬಳಸಬೇಕೆಂದು ಹೇಳಿರುವ ಗುಂಪಿಗೆ ಸೇರಿದ್ದವು. ಅಜಿಥ್ರೊಮೈಸಿನ್ 500 ಮಿ.ಗ್ರಾಂ. ಮಾತ್ರೆ ಮೊದಲ ಸ್ಥಾನದಲ್ಲಿತ್ತು.

ಕಾನೂನು ಏನು ಹೇಳುತ್ತದೆ?

ಔಷಧಿ ಕಾನೂನು ಇಡೀ ದೇಶಕ್ಕೆ ಒಂದೇ. 2014ರ ಮಾರ್ಚ್ 1ರಿಂದ ಜಾರಿಯಾದ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್ ಮುಂತಾದ ಆಂಟಿಬಯೋಟಿಕ್‌ಗಳಿವೆ. ಇವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಅದನ್ನು ಮೂರು ವರ್ಷ ಕಾಪಾಡಬೇಕು. ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿಗಳನ್ನು ಜನರು ಗುರುತಿಸಲೆಂದು 2016ರಲ್ಲಿ ಕೇಂದ್ರ ಸರಕಾರ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ನಡೆಸಿತು.

ಕಾನೂನು ಒಂದೇ ಆದರೂ ಪಾಲನೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಕೇರಳವು 2018ರಲ್ಲಿ ಆಂಟಿಬಯೋಟಿಕ್ ನಿರೋಧಕತೆಯ ವಿರುದ್ಧ ರಾಜ್ಯಮಟ್ಟದ ಕಾರ್ಯಯೋಜನೆ ಆರಂಭಿಸಿತು. 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಮೆಡಿಕಲ್ ಶಾಪ್‌ಗಳ ತಪಾಸಣೆ ಶುರುವಾಯಿತು. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ ಎಂಬ ಫಲಕವನ್ನು ಅಂಗಡಿಗಳಲ್ಲಿ ಹಾಕಲು ಸೂಚಿಸಲಾಯಿತು. ಬಳಕೆ ಶೇ. 20ರಿಂದ 30ರಷ್ಟು ಇಳಿದಿದೆ ಎಂದು ರಾಜ್ಯ ಸರಕಾರ ಆ ಬಳಿಕ ತಿಳಿಸಿತು. ರೂಢಿ ಬದಲಾದರೆ ಬಳಕೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ಹತ್ತಿರದ ಉದಾಹರಣೆ.

ಗಡಿನಾಡಿನವರು ಗಮನಿಸಬೇಕಾದ್ದು

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಂತೆ, ಗಡಿಭಾಗದ ರೋಗಿಗಳು ಒಂದು ರಾಜ್ಯದಲ್ಲಿ ವೈದ್ಯರನ್ನು ಕಂಡು ಇನ್ನೊಂದು ರಾಜ್ಯದಲ್ಲಿ ಔಷಧಿ ಕೊಳ್ಳುವುದುಂಟು. ಆದ್ದರಿಂದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳುವುದು, ಉಳಿದ ಮಾತ್ರೆಯನ್ನು ಮನೆಯ ಇನ್ನೊಬ್ಬರಿಗೆ ಕೊಡುವುದು, ನೆಗಡಿಗೆ ಆಂಟಿಬಯೋಟಿಕ್ ಬೇಕೆಂದು ವೈದ್ಯರನ್ನು ಒತ್ತಾಯಿಸುವುದು ಸಲ್ಲದು. ಅನಗತ್ಯವಾಗಿ ನುಂಗಿದ ಪ್ರತಿ ಮಾತ್ರೆಯೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಕೊಡುತ್ತದೆ. ಅಂತಹ ಬ್ಯಾಕ್ಟೀರಿಯಾಕ್ಕೆ ರಾಜ್ಯಗಳ ಗಡಿ ಇಲ್ಲ.