‘ಕೊನೆಯ ರಾತ್ರಿಭೋಜನ’ದ ಸಾಕ್ಷ್ಯ: ವಿಲಿಯಂ ಪೆರಿಯವರ ವೃತ್ತಿಜೀವನದ ಒಂದು ತಪ್ಪು ಓದು

ಅಮೆರಿಕದ ರಕ್ಷಣಾ ಉದ್ಯಮದ ಇತಿಹಾಸ ಬರೆದ ಹಲವರು 1993ರಲ್ಲಿ ಪೆಂಟಗನ್ನಿನಲ್ಲಿ ನಡೆದ ಒಂದು ಔತಣವನ್ನು ಇಡೀ ಕಥೆಯ ಬೀಜವೆಂದೇ ಎಣಿಸಿದ್ದಾರೆ. ‘ರಕ್ಷಣಾ ಸಚಿವ ಪೆರಿ’ ಅಂದು ಕಂಪನಿಗಳ ಮುಖ್ಯಸ್ಥರನ್ನು ಕರೆಸಿ ಪರಸ್ಪರ ವಿಲೀನವಾಗುವಂತೆ ಆಜ್ಞಾಪಿಸಿದರೆಂದೂ, ಉದ್ಯಮದಿಂದಲೇ ಬಂದ ಅವರು ಉದ್ಯಮಕ್ಕೆ ಬೇಕಾದುದನ್ನೇ ಮಾಡಿದರೆಂದೂ ಈ ವಾದ ಸಾಗುತ್ತದೆ. ಇದರ ಮೊದಲ ಪದವೇ ತಪ್ಪು. ಆ ವರ್ಷ ಸಚಿವರಾಗಿದ್ದವರೂ ಔತಣಕ್ಕೆ ಕರೆದವರೂ ಲೆಸ್ ಆಸ್ಪಿನ್. ಪೆರಿ ಆಗ ಅವರ ಕೈಕೆಳಗಿನ ಉಪಸಚಿವರು, ಸಚಿವಪದವಿ ಅವರಿಗೆ ಬಂದದ್ದು 1994ರ ಫೆಬ್ರವರಿಯಲ್ಲಿ. ಇದನ್ನು ಸಣ್ಣ ಪ್ರಮಾದವೆಂದು ಬಿಡುವಂತಿಲ್ಲ, ಏಕೆಂದರೆ ಆಜ್ಞೆಯ ಕಲ್ಪನೆಯೆಲ್ಲ ನಿಂತಿರುವುದು ಅವರಿಗೆ ಇನ್ನೂ ದೊರೆಯದಿದ್ದ ಆ ಅಧಿಕಾರದ ಮೇಲೆ.

ಈ ಪ್ರಸಂಗ ಪ್ರಸಿದ್ಧವಾದದ್ದು ಮುಖ್ಯವಾಗಿ ಅತಿಥಿಗಳಲ್ಲೊಬ್ಬರಾಗಿದ್ದ ನಾರ್ಮನ್ ಆಗಸ್ಟಿನ್ ಅವರಿಂದ. ಏಸುವಿನ ಕಡೆಯ ಊಟವನ್ನು ನೆನಪಿಸುವ ‘ಕೊನೆಯ ರಾತ್ರಿಭೋಜನ’ ಎಂಬ ಹೆಸರೂ ಅವರದೇ. ಆಗ ಮಾರ್ಟಿನ್ ಮರಿಯೆಟ್ಟಾ ಕಂಪನಿಯ ಮುಖ್ಯಸ್ಥರಾಗಿದ್ದ ಅವರು, 1995ರಲ್ಲಿ ಆ ಕಂಪನಿ ಲಾಕ್‌ಹೀಡ್ ಜೊತೆ ಸೇರಿ ಹುಟ್ಟಿದ ಲಾಕ್‌ಹೀಡ್ ಮಾರ್ಟಿನ್ನಿನ ಮುಖ್ಯಾಧಿಕಾರಿಯೂ ಆದರು. ಅವರ ಮಾತನ್ನು ಸುಳ್ಳೆನ್ನಲು ಆಧಾರವಿಲ್ಲ. ಆದರೆ ವಿಲೀನದ ದಾರಿಯನ್ನು ತಾವೇ ಹಿಡಿದಿದ್ದ ಉದ್ಯಮಿಯೊಬ್ಬರು ಆ ದಾರಿಯನ್ನು ಸರ್ಕಾರ ತೋರಿಸಿತೆಂದು ಹೇಳುವಾಗ, ಆ ಹೇಳಿಕೆಯನ್ನು ತಟಸ್ಥ ವರದಿಯಂತೆ ಉದ್ಧರಿಸುವುದು ಸಂಶೋಧನೆಯ ಶಿಸ್ತಲ್ಲ. ಆಗಸ್ಟಿನ್ ಸ್ವತಃ 1970ರ ದಶಕದಲ್ಲಿ ಭೂಸೇನಾ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದವರು, ಅಂದರೆ ಸರ್ಕಾರ ಮತ್ತು ಉದ್ಯಮ ಎರಡರ ಅನ್ನವನ್ನೂ ಉಂಡವರು. ಪೆರಿಯವರ ಹಿನ್ನೆಲೆಯನ್ನು ಶಂಕಿಸುವ ಲೇಖಕರು ಸಾಕ್ಷಿಯ ಹಿನ್ನೆಲೆಯನ್ನೇಕೆ ಕೇಳುವುದಿಲ್ಲವೆಂಬುದು ತಿಳಿಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಲಾನುಕ್ರಮದ್ದು. ಮಾರ್ಟಿನ್ ಮರಿಯೆಟ್ಟಾ ಜನರಲ್ ಎಲೆಕ್ಟ್ರಿಕ್‌ನ ಏರೋಸ್ಪೇಸ್ ವಿಭಾಗವನ್ನು ಸುಮಾರು 300 ಕೋಟಿ ಡಾಲರಿಗೆ ಕೊಳ್ಳುವುದಾಗಿ 1992ರ ನವೆಂಬರಿನಲ್ಲೇ ಪ್ರಕಟಿಸಿತ್ತು. ಮರುತಿಂಗಳು ಲಾಕ್‌ಹೀಡ್ ಜನರಲ್ ಡೈನಮಿಕ್ಸ್‌ನ ಯುದ್ಧವಿಮಾನ ವಿಭಾಗಕ್ಕೆ ಬೆಲೆ ಕಟ್ಟಿತ್ತು. ಕ್ಲಿಂಟನ್ ಇನ್ನೂ ಪ್ರಮಾಣವಚನ ಸ್ವೀಕರಿಸಿರಲಿಲ್ಲ, ಪೆರಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಶೀತಲ ಸಮರ ಮುಗಿದು ಖರೀದಿಯ ಹಣ ಕುಸಿಯುತ್ತಿದ್ದುದೇ ಈ ಮಾರಾಟಗಳಿಗೆ ಕಾರಣ. ಔತಣ ಅದನ್ನು ಬಾಯಿಬಿಟ್ಟು ಹೇಳಿತು, ಅಷ್ಟೇ.

ಸರ್ಕಾರದ ಕೈವಾಡವೇ ಇರಲಿಲ್ಲವೆಂದು ಇದರರ್ಥವಲ್ಲ. ಆ ಕೈ ಕಾಣುವುದು 1993ರ ಜುಲೈನಲ್ಲಿ ಪೆಂಟಗನ್ನಿನ ಖರೀದಿ ವಿಭಾಗದ ಮುಖ್ಯಸ್ಥ ಜಾನ್ ಡಾಯ್ಚ್ ಹೊರಡಿಸಿದ ಜ್ಞಾಪನಪತ್ರದಲ್ಲಿ. ವಿಲೀನದ ನಂತರ ಕಾರ್ಖಾನೆ ಮುಚ್ಚುವ, ನೌಕರರನ್ನು ಸ್ಥಳಾಂತರಿಸುವಂಥ ಪುನರ್ರಚನೆಯ ವೆಚ್ಚವನ್ನು, ಸರ್ಕಾರಕ್ಕೆ ಉಳಿತಾಯವಾಗುವ ಪಕ್ಷದಲ್ಲಿ, ಗುತ್ತಿಗೆಗಳ ಲೆಕ್ಕಕ್ಕೆ ಹಾಕಲು ಅದು ಅವಕಾಶ ಕೊಟ್ಟಿತು. ಪ್ರಮುಖ ಗುತ್ತಿಗೆದಾರರ ಸಂಖ್ಯೆ 1990ರ ದಶಕದಿಂದೀಚೆಗೆ 51ರಿಂದ 5ಕ್ಕೆ ಇಳಿದಿದೆಯೆಂದು ಪೆಂಟಗನ್ ತಾನೇ 2022ರಲ್ಲಿ ಒಪ್ಪಿಕೊಂಡಿತು. ಆ ನಷ್ಟಕ್ಕೆ ಕಾರಣ ಹುಡುಕುವವರು ಊಟದ ಮೇಜನ್ನು ಬಿಟ್ಟು ಈ ಲೆಕ್ಕಪತ್ರದ ನಿಯಮವನ್ನು ಓದಬೇಕಿತ್ತು.

ಪೆರಿಯವರ ಖಾಸಗಿ ಅನುಭವ ನೀತಿಯೊಳಗೆ ಇಳಿದದ್ದು ಬೇರೆ ಕಡೆ. ಸಿಲ್ವೇನಿಯಾ ಕಂಪನಿಯ ಪ್ರಯೋಗಾಲಯದಲ್ಲಿ ಸೋವಿಯತ್ ಕ್ಷಿಪಣಿಗಳ ಸಂಕೇತಗಳನ್ನು ಬಿಡಿಸುತ್ತಿದ್ದ ಈ ಗಣಿತಜ್ಞ, 1964ರಲ್ಲಿ ಇಎಸ್ಎಲ್ ಕಂಪನಿಯನ್ನು ಕಟ್ಟಿ, 1977ರಿಂದ 1981ರವರೆಗೆ ಪೆಂಟಗನ್ನಿನ ಸಂಶೋಧನೆ ಮತ್ತು ಎಂಜಿನಿಯರಿಂಗ್ ಹೊಣೆ ಹೊತ್ತು, ಮತ್ತೆ ಹಣಹೂಡಿಕೆಯ ಸಂಸ್ಥೆಗೆ ಹೋದವರು. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿ ಅವರು ಕಂಡದ್ದು, ಮಾರುಕಟ್ಟೆಯ ಚಿಪ್ ಸೇನೆಯ ಚಿಪ್ ಅನ್ನು ಹಿಂದೆ ಹಾಕಿದ್ದನ್ನು. 1994ರ ಜೂನ್ 29ರಂದು ಸಚಿವರಾಗಿ ಅವರು ಹೊರಡಿಸಿದ ಜ್ಞಾಪನಪತ್ರದ ವಿಷಯವೂ ಅದೇ; ವಿಲೀನದ ಚರ್ಚೆಯಲ್ಲಿ ಮುಳುಗಿದವರು ಅದರತ್ತ ಕಣ್ಣು ಹಾಯಿಸಿದ್ದು ತೀರ ಕಡಿಮೆ.

ಆ ಪತ್ರ ಬದಲಿಸಹೊರಟ ಸೇನೆಯ ‘ನಿರ್ದಿಷ್ಟತೆ’ ಎಂದರೆ ವಸ್ತುವನ್ನು ಹೇಗೆ ಮಾಡಬೇಕು, ಯಾವ ಪರೀಕ್ಷೆಗೆ ಒಡ್ಡಬೇಕು ಎಂದು ವಿಧಿಸುವ ದಸ್ತಾವೇಜು. ಸಾಮಾನ್ಯ ಚಿಪ್ 0ಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡಿದರೆ ಸಾಕು. ಸೇನಾ ದರ್ಜೆಯದು ಮೈನಸ್ 55ರಿಂದ 125ರವರೆಗೆ ತಾಳಬೇಕು, ಸಾಮಾನ್ಯವಾಗಿ ಪ್ಲಾಸ್ಟಿಕ್ ಬದಲು ಪಿಂಗಾಣಿಯ ಕವಚದಲ್ಲಿರಬೇಕು. ಕ್ಷಿಪಣಿಯ ಮೂತಿಗೆ ಇದು ಬೇಕು, ಹವಾನಿಯಂತ್ರಿತ ಕೋಣೆಯ ಗಣಕಕ್ಕೆ ಬೇಡ. ವಸ್ತು ಏನು ಮಾಡಬೇಕೆಂಬುದನ್ನಷ್ಟೇ ಹೇಳುವ ಸಾಧನೆಯ ಅಳತೆಗಳನ್ನು ಪೆರಿಯವರ ಪತ್ರ ಮುಂದಿಟ್ಟಿತು. ಅಲ್ಲಿಯವರೆಗೆ ಮಾರುಕಟ್ಟೆಯ ಭಾಗವನ್ನು ಬಳಸಬಯಸಿದ ಎಂಜಿನಿಯರು ಕಾರಣ ಕೊಡಬೇಕಿತ್ತು. ಇನ್ನು ಮುಂದೆ ಸೇನಾ ನಿರ್ದಿಷ್ಟತೆಯೇ ಬೇಕೆನ್ನುವವರು, ಬೇರೆ ದಾರಿಯಿಲ್ಲವೆಂದು ತೋರಿಸಿ, ಮೇಲಧಿಕಾರಿಯ ವಿನಾಯಿತಿ ಪಡೆಯಬೇಕಾಯಿತು.