ನರಕದ ಕನ್ನಡಿ: ಬಾಷ್‌ನ ಹಲಗೆಯಿಂದ ಚಲಿಸುವ ಚಿತ್ರದವರೆಗೆ

2016ರಲ್ಲಿ ನೆದರ್ಲೆಂಡ್ಸ್ ದೇಶವು ಚಿತ್ರಕಾರ ಹೀರೋನಿಮಸ್ ಬಾಷ್‌ನ ಮರಣದ ಐನೂರನೆಯ ವರ್ಷವನ್ನು ಆಚರಿಸಿತು. ಅವನ ಹುಟ್ಟೂರಾದ ಡೆನ್ ಬಾಷ್‌ನಲ್ಲಿ ಏರ್ಪಟ್ಟ ಪ್ರದರ್ಶನವನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ನೋಡಿದರು. ಅದೇ ವರ್ಷ ಬ್ರೆಡಾ ನಗರದ ಮೋಟಿ ಎಂಬ ಸಂಗ್ರಹಾಲಯವು ಸ್ಟುಡಿಯೋ ಸ್ಮ್ಯಾಕ್ ಎಂಬ ಕಲಾವಿದರ ಗುಂಪಿಗೆ ಒಂದು ಕೆಲಸವನ್ನು ಒಪ್ಪಿಸಿತು. ಬಾಷ್‌ನ ಪ್ರಖ್ಯಾತ ಕೃತಿಯಾದ 'ಐಹಿಕ ಸುಖಗಳ ತೋಟ'ವನ್ನು ನಮ್ಮ ಕಾಲಕ್ಕೆ ತಕ್ಕಂತೆ ಚಲಿಸುವ ಚಿತ್ರವಾಗಿ ಪುನಃ ಕಲ್ಪಿಸಬೇಕೆಂಬುದೇ ಆ ಕೆಲಸ. ಹೀಗೆ 'ಪ್ಯಾರಡೈಸ್' ಎಂಬ ಆನಿಮೇಷನ್ ಕೃತಿ ಹುಟ್ಟಿತು. ಮುಂದೆ ಆ ಗುಂಪು ಏದೆನ್ ಮತ್ತು ನರಕದ ಭಾಗಗಳನ್ನೂ ರಚಿಸಿ 2019ರ ವೇಳೆಗೆ ಮೂರು ಭಾಗಗಳ ಕೃತಿಯನ್ನು ಪೂರ್ಣಗೊಳಿಸಿತು. ಅದಕ್ಕೆ 'ಸ್ಪೆಕ್ಯುಲಮ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಕನ್ನಡಿ.

ಈ ಹೆಸರು ಆಕಸ್ಮಿಕವೆಂದು ತೋರುವುದಿಲ್ಲ. ಮಧ್ಯಯುಗದ ಸಭೆಯಲ್ಲಿ ಭಕ್ತಿಬೋಧನೆಯ ಗ್ರಂಥಗಳಿಗೆ 'ಕನ್ನಡಿ' ಎಂದು ಹೆಸರಿಡುವುದು ವಾಡಿಕೆಯಾಗಿತ್ತು. ಓದುಗನು ಅವುಗಳಲ್ಲಿ ತನ್ನ ಆತ್ಮದ ಸ್ಥಿತಿಯನ್ನು ಕಂಡು ತಿದ್ದಿಕೊಳ್ಳಬೇಕೆಂಬುದು ಅವುಗಳ ಉದ್ದೇಶ. ನರಕದ ಚಿತ್ರಗಳೂ ಇದೇ ಸೇವೆಯನ್ನು ಸಲ್ಲಿಸುತ್ತಿದ್ದವು. ಹಾಗಾದರೆ ಹಳೆಯ ಕನ್ನಡಿಯಲ್ಲಿ ಇದ್ದು ಹೊಸ ಕನ್ನಡಿಯಲ್ಲಿ ಇಲ್ಲವಾದದ್ದು ಯಾವುದು? ನರಕದ ಬಗ್ಗೆ ಮಾತನಾಡಲು ಹಿಂಜರಿಯುವ, ಇಲ್ಲವೆ ಅತಿಯಾಗಿ ಮಾತನಾಡುವ ನಮ್ಮ ಪ್ರಸಂಗಪೀಠಗಳಿಗೂ ಈ ಪ್ರಶ್ನೆ ಸಂಬಂಧಿಸಿದೆ.

ಅಳುವ ಸಾಕ್ಷಿಗಳು

ಕ್ರೈಸ್ತ ನರಕದರ್ಶನಗಳ ಪರಂಪರೆ ಎರಡನೆಯ ಶತಮಾನದ 'ಪೇತ್ರನ ಪ್ರಕಟನೆ'ಯಿಂದ ಆರಂಭವಾಗುತ್ತದೆ ಎನ್ನಬಹುದು. ಪಾಪಕ್ಕೆ ತಕ್ಕ ದಂಡನೆಯನ್ನು ಒಂದೊಂದಾಗಿ ಎಣಿಸಿ ತೋರಿಸುವ ಕ್ರಮ ಅಲ್ಲಿಯೇ ಕಾಣುತ್ತದೆ. ಆದರೆ ಆ ಗ್ರಂಥದಲ್ಲಿ ಪಾಪಿಗಳ ಗತಿಯನ್ನು ಕಂಡ ಪೇತ್ರನು ಅಳುತ್ತಾನೆ ಎಂಬುದನ್ನು ನಾವು ಬಹಳ ಮಟ್ಟಿಗೆ ಮರೆತಿದ್ದೇವೆ. ನಾಲ್ಕನೆಯ ಶತಮಾನದ ಸುಮಾರಿಗೆ ಪ್ರಚಾರಕ್ಕೆ ಬಂದ 'ಪೌಲನ ಪ್ರಕಟನೆ'ಯಲ್ಲಿಯೂ ಹೀಗೆಯೇ. ಪೌಲನು ದೇವದೂತನ ಜೊತೆ ಯಾತನೆಯ ಸ್ಥಳಗಳನ್ನು ಸುತ್ತಿ, ಕಣ್ಣೀರಿಟ್ಟು, ದಂಡನೆಗೊಳಗಾದವರಿಗಾಗಿ ಬೇಡುತ್ತಾನೆ. ಕೊನೆಗೆ ಕ್ರಿಸ್ತನು ಅವರಿಗೆ ಕರ್ತನ ದಿನದಂದು ವಿಶ್ರಾಂತಿಯನ್ನು ಅನುಗ್ರಹಿಸುತ್ತಾನೆ.

ಅಗಸ್ಟೀನನು ಈ ಗ್ರಂಥವನ್ನು ಒಪ್ಪಲಿಲ್ಲ. ಮೂರನೆಯ ಆಕಾಶದಲ್ಲಿ ಕೇಳಿದ ಮಾತುಗಳನ್ನು ಮನುಷ್ಯನು ನುಡಿಯಲಾಗದೆಂದು ಪೌಲನೇ ಕೊರಿಂಥದವರಿಗೆ ಬರೆದಿರುವಾಗ, ಅವನ ಹೆಸರಿನಲ್ಲಿ ಇಷ್ಟೆಲ್ಲಾ ನುಡಿಸುವುದು ಅಧಿಕಪ್ರಸಂಗವೆಂದು ಅವನಿಗೆ ತೋರಿತು. ಆ ಆಕ್ಷೇಪಣೆ ನ್ಯಾಯವಾದದ್ದು. ಆದರೂ ಸಾಮಾನ್ಯ ಭಕ್ತರು ಅದನ್ನು ಬಿಡಲಿಲ್ಲ. ಅವರ ಕೈಗೆ ಸಿಕ್ಕಿದ್ದು ಯಾತನೆಗಳ ಪಟ್ಟಿ ಮಾತ್ರವಲ್ಲ, ಆ ಯಾತನೆಯ ನಡುವೆ ನಿಂತು ಅಳುವ ಒಬ್ಬ ಅಪೊಸ್ತಲನೂ ಹೌದು.

ಹನ್ನೆರಡನೆಯ ಶತಮಾನದಲ್ಲಿ, 1149ರ ಸುಮಾರಿಗೆ, ಮಾರ್ಕಸ್ ಎಂಬ ಐರ್ಲೆಂಡಿನ ಸನ್ಯಾಸಿಯು ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ 'ತ್ನುಗ್ದಾಲನ ದರ್ಶನ'ವನ್ನು ಬರೆದನು. ತ್ನುಗ್ದಾಲನು ದೇವರ ವಿಷಯದಲ್ಲಿ ಅಲಕ್ಷ್ಯವಿದ್ದ ಯೋಧ. ಮೂರು ದಿನ ಸತ್ತವನಂತೆ ಬಿದ್ದಿದ್ದಾಗ ಅವನ ಆತ್ಮವನ್ನು ದೇವದೂತನು ಪರಲೋಕದಲ್ಲೆಲ್ಲಾ ನಡೆಸುತ್ತಾನೆ. ಅವನು ನೋಡುವವನು ಮಾತ್ರವಲ್ಲ, ಕೆಲವು ಯಾತನೆಗಳನ್ನು ತಾನೇ ಅನುಭವಿಸುತ್ತಾನೆ. ಹಿಂದಿರುಗಿದ ಮೇಲೆ ತನ್ನ ಸೊತ್ತನ್ನು ಬಡವರಿಗೆ ಹಂಚುತ್ತಾನೆ. ಯುರೋಪಿನ ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾದ ಈ ಕೃತಿಯಲ್ಲಿ ನಾವು ಗಮನಿಸಬೇಕಾದ ಒಂದು ದೃಶ್ಯವಿದೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಕೊಕ್ಕುಳ್ಳ ಮೃಗವೊಂದು ಕುಳಿತು ಆತ್ಮಗಳನ್ನು ನುಂಗಿ ಹೊರಹಾಕುತ್ತಿರುತ್ತದೆ. ಆ ಯಾತನೆ ಮುಖ್ಯವಾಗಿ ಯಾರಿಗೆ ಮೀಸಲಾಗಿತ್ತು? ಪ್ರತಿಜ್ಞೆಯನ್ನು ಮುರಿದ ಸನ್ಯಾಸಿಗಳಿಗೆ, ಸನ್ಯಾಸಿನಿಯರಿಗೆ, ಯಾಜಕರಿಗೆ. ಬರೆದವನೂ ಸನ್ಯಾಸಿ, ಬರೆಸಿದವಳೂ ಮಠದ ಮುಖ್ಯಸ್ಥೆ. ನ್ಯಾಯತೀರ್ಪು ದೇವರ ಮನೆಯಿಂದಲೇ ಆರಂಭವಾಗುತ್ತದೆ ಎಂಬ ಪೇತ್ರನ ಪತ್ರಿಕೆಯ ಎಚ್ಚರಿಕೆಯನ್ನು ಅವರು ತಮ್ಮ ಮೇಲೆಯೇ ಅನ್ವಯಿಸಿಕೊಂಡರು.

ಆದ್ದರಿಂದ ಹಳೆಯ ದರ್ಶನಗಳಲ್ಲಿ ಮೂರು ಅಂಶಗಳು ಜೊತೆಯಾಗಿದ್ದವು: ಕೈಹಿಡಿದು ನಡೆಸುವ ಮಾರ್ಗದರ್ಶಿ, ನೋಡುವವನ ಕಣ್ಣೀರು, ಹಿಂದಿರುಗಿ ಬದುಕನ್ನು ಬದಲಿಸಿಕೊಳ್ಳಲು ಅವಕಾಶ. ಭೀಕರತೆಯು ಈ ಮೂರರ ಅಧೀನದಲ್ಲಿತ್ತು.

ಬಾಷ್‌ನ ಹಲಗೆಗಳು

1484ರಲ್ಲಿ 'ತ್ನುಗ್ದಾಲನ ದರ್ಶನ'ದ ಡಚ್ ಅನುವಾದ ಡೆನ್ ಬಾಷ್‌ನಲ್ಲಿಯೇ ಅಚ್ಚಾಯಿತು. ಆಗ ಬಾಷ್ ಅದೇ ಪಟ್ಟಣದಲ್ಲಿ ವಾಸವಾಗಿದ್ದ ಚಿತ್ರಕಾರ. ಕೆಲವು ವರ್ಷಗಳ ನಂತರ ಅವನು ಅಲ್ಲಿನ ಕನ್ಯೆ ಮರಿಯಳ ಭ್ರಾತೃಸಂಘದ ಪ್ರತಿಜ್ಞಾಬದ್ಧ ಸದಸ್ಯನೂ ಆದನು. ಅವನನ್ನು ರಹಸ್ಯ ಪಂಥದವನೆಂದೂ ಪಾಷಂಡಿಯೆಂದೂ ಊಹಿಸಿದವರುಂಟು. ದಾಖಲೆಗಳು ತೋರಿಸುವುದು ಮಾತ್ರ ಊರಿನ ಗೌರವಸ್ಥ ಸಭಾಸದಸ್ಯನನ್ನೇ.

'ಐಹಿಕ ಸುಖಗಳ ತೋಟ' 1490–1500ರ ನಡುವೆ ಓಕ್ ಮರದ ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ರಚಿತವಾಯಿತೆಂದು ಪಂಡಿತರು ನಿರ್ಣಯಿಸುತ್ತಾರೆ. ಮುಚ್ಚಿದಾಗ ಸೃಷ್ಟಿಯ ಮೂರನೆಯ ದಿನದ ಭೂಮಿ ಬೂದುಬಣ್ಣದಲ್ಲಿ ಕಾಣುತ್ತದೆ. ಮೇಲಿನ ಮೂಲೆಯಲ್ಲಿ ಸೃಷ್ಟಿಕರ್ತನು ಬಹು ಚಿಕ್ಕದಾಗಿ ಚಿತ್ರಿತನಾಗಿದ್ದಾನೆ. ಜೊತೆಗೆ ದೇವರ ನುಡಿಯಿಂದ ಎಲ್ಲವೂ ಉಂಟಾಯಿತೆಂಬ ಕೀರ್ತನೆಯ ವಾಕ್ಯವಿದೆ. ತೆರೆದಾಗ ಎಡಗಡೆ ಏದೆನ್, ನಡುವೆ ಬೆತ್ತಲೆ ಜನರಿಂದ ತುಂಬಿದ ತೋಟ, ಬಲಗಡೆ ನರಕ. ಎಡದ ಹಲಗೆಯಲ್ಲಿ ಕ್ರಿಸ್ತರೂಪದ ದೇವರು ಹವ್ವಳನ್ನು ಆದಾಮನಿಗೆ ಒಪ್ಪಿಸುತ್ತಾನೆ. ಆದರೆ ಅವನ ದೃಷ್ಟಿ ಅವರಿಬ್ಬರ ಮೇಲಿಲ್ಲ. ಅವನು ಚಿತ್ರದ ಮುಂದೆ ನಿಂತ ನಮ್ಮನ್ನೇ ನೋಡುತ್ತಿದ್ದಾನೆ.

ಬಲದ ಹಲಗೆಯಲ್ಲಿ ಉರಿಯುವ ಊರು, ಅಲಗು ತಗುಲಿಸಿದ ಎರಡು ಕಿವಿಗಳು, ಮನುಷ್ಯರನ್ನು ಬಿಗಿದಿಟ್ಟ ವೀಣೆಯಂಥ ವಾದ್ಯಗಳು, ಪೊಳ್ಳಾದ ಒಡಲಿನ ಮರಮನುಷ್ಯ, ಎತ್ತರದ ಪೀಠದಲ್ಲಿ ಕುಳಿತು ಪಾಪಿಗಳನ್ನು ನುಂಗುವ ಪಕ್ಷಿಮುಖದ ಅರಸ ಇದ್ದಾರೆ. ತ್ನುಗ್ದಾಲನ ಮೃಗವನ್ನು ಬಲ್ಲವರಿಗೆ ಈ ಅರಸನ ಪರಿಚಯ ಸುಲಭ. ಕೆಳಗಿನ ಮೂಲೆಯಲ್ಲಿ ಸನ್ಯಾಸಿನಿಯ ಮುಸುಕು ಹೊದ್ದ ಹಂದಿಯೊಂದು ಒಬ್ಬ ಮನುಷ್ಯನನ್ನು ಅಪ್ಪಿಕೊಂಡು ಒಲಿಸುತ್ತಿದೆ. ಅವನ ತೊಡೆಯ ಮೇಲೆ ಒಂದು ದಸ್ತಾವೇಜು ಇದೆ. ಪಕ್ಷಿಮುಖದ ಅರಸನ ಪೀಠದ ಬಳಿ ಕುಳಿತ ಸ್ತ್ರೀಯೊಬ್ಬಳ ಮುಖವು ದೆವ್ವವೊಂದರ ಹಿಂಭಾಗದಲ್ಲಿರುವ ಕನ್ನಡಿಯಲ್ಲಿ ಪ್ರತಿಫಲಿಸುತ್ತದೆ. ಇದು ಅಹಂಕಾರದ ದಂಡನೆ. ತನ್ನನ್ನು ಮಾತ್ರವೇ ನೋಡಿಕೊಂಡವಳಿಗೆ ಕೊನೆಗೆ ಉಳಿಯುವ ಕನ್ನಡಿ ಅದು.

ಇಲ್ಲಿ ಒಂದು ಬದಲಾವಣೆಯಾಗಿದೆ. ದೇವದೂತನಿಲ್ಲ, ಅಳುವ ಅಪೊಸ್ತಲನಿಲ್ಲ, ಹಿಂದಿರುಗುವ ಯೋಧನೂ ಇಲ್ಲ. ನೋಡುವವನೇ ಯಾತ್ರಿಕನಾಗಬೇಕು. ಆದರೂ ಅವನು ಒಂಟಿಯಲ್ಲ. ಎಡಗಡೆಯಿಂದ ಕ್ರಿಸ್ತನ ದೃಷ್ಟಿ ಅವನನ್ನು ಹಿಂಬಾಲಿಸುತ್ತದೆ. ನರಕವನ್ನು ನೋಡುತ್ತಿರುವವನನ್ನೂ ನೋಡುವವನೊಬ್ಬನಿದ್ದಾನೆ ಎಂಬುದೇ ಆ ಚಿತ್ರದ ದೈವಶಾಸ್ತ್ರ.

ಅರಮನೆಯಲ್ಲಿಯೂ ಮಠದಲ್ಲಿಯೂ

ಹಿಂದಿನವರೆಲ್ಲರೂ ಈ ಚಿತ್ರವನ್ನು ಭಯಭಕ್ತಿಯಿಂದ ನೋಡಿದರೆಂದು ನಾವು ಭಾವಿಸಬಾರದು. 1517ರಲ್ಲಿ ಕಾರ್ಡಿನಲ್ ಒಬ್ಬರ ಕಾರ್ಯದರ್ಶಿಯಾದ ಅಂತೋನಿಯೊ ದೆ ಬೆಯಾತಿಸ್ ಬ್ರಸೆಲ್ಸ್‌ನ ನಾಸಾವ್ ಅರಮನೆಯಲ್ಲಿ ಇದನ್ನು ಕಂಡನು. ಅವನ ದಿನಚರಿಯಲ್ಲಿ ಇದು ವಿಚಿತ್ರವಾದ ಮತ್ತು ಮನೋಹರವಾದ ಸಂಗತಿಗಳ ಹಲಗೆ. ಅದೇ ಅರಮನೆಯಲ್ಲಿ ಕುಡಿದು ನಿಲ್ಲಲಾರದ ಅತಿಥಿಗಳನ್ನು ಮಲಗಿಸಲು ಅತಿ ವಿಶಾಲವಾದ ಹಾಸಿಗೆಯಿತ್ತೆಂದೂ ಅವನು ಬರೆದಿದ್ದಾನೆ. ನರಕದ ಚಿತ್ರವೂ ಔತಣದ ಅಮಲೂ ಒಂದೇ ಸೂರಿನಡಿ ನೆಮ್ಮದಿಯಾಗಿದ್ದವು. ನರಕವನ್ನು ವಿನೋದವಾಗಿಸಿದ ದೋಷವನ್ನು ನಮ್ಮ ಕಾಲದ ಮೇಲೆ ಮಾತ್ರ ಹೊರಿಸಲಾಗದು. ಈ ನಾಸಾವ್ ಮನೆತನದವರೇ ಬ್ರೆಡಾದ ಒಡೆಯರಾಗಿದ್ದರು ಎಂಬುದನ್ನೂ ಇಲ್ಲಿ ನೆನೆಯಬಹುದು.

ನಂತರ ಆಲ್ಬಾದ ಡ್ಯೂಕನು ಆ ಮನೆತನದಿಂದ ಚಿತ್ರವನ್ನು ಮುಟ್ಟುಗೋಲು ಹಾಕಿಕೊಂಡನು. 1593ರಲ್ಲಿ ಅದು ಎರಡನೆಯ ಫಿಲಿಪ್ ರಾಜನ ಎಸ್ಕೋರಿಯಲ್ ಮಠಕ್ಕೆ ಸೇರಿತು. ಇಂದು ಅದು ಮ್ಯಾಡ್ರಿಡ್‌ನ ಪ್ರಾಡೋ ಸಂಗ್ರಹಾಲಯದಲ್ಲಿದೆ. ಎಸ್ಕೋರಿಯಲ್‌ನ ಸನ್ಯಾಸಿ ಹೊಸೆ ದೆ ಸಿಗುವೆನ್ಸಾ 1605ರಲ್ಲಿ ಪ್ರಕಟಿಸಿದ ತನ್ನ ಸನ್ಯಾಸಿಸಂಘದ ಚರಿತ್ರೆಯಲ್ಲಿ ಬಾಷ್‌ನನ್ನು ಪಾಷಂಡದ ಆರೋಪದಿಂದ ಸಮರ್ಥಿಸಿದನು. ಅವನ ವಾದದ ತಿರುಳು ಇಷ್ಟೇ: ಇತರರು ಮನುಷ್ಯನನ್ನು ಹೊರಗೆ ಕಾಣುವಂತೆ ಚಿತ್ರಿಸಿದರು, ಬಾಷ್ ಮಾತ್ರ ಒಳಗೆ ಇರುವಂತೆ ಚಿತ್ರಿಸುವ ಧೈರ್ಯಮಾಡಿದನು. ಮಠದ ಮೌನದಲ್ಲಿ ಓದಿದಾಗ ಅರಮನೆಯ ವಿನೋದವು ಪುನಃ ಕನ್ನಡಿಯಾಯಿತು. ಚಿತ್ರವು ಬದಲಾಗಿರಲಿಲ್ಲ, ಅದನ್ನು ಓದಿ ತಿಳಿಸುವ ಒಬ್ಬ ವ್ಯಾಖ್ಯಾನಕಾರ ದೊರೆತಿದ್ದನು.

ಚಲಿಸುವ ಚಿತ್ರದಲ್ಲಿ

ಸ್ಟುಡಿಯೋ ಸ್ಮ್ಯಾಕ್‌ನವರು 'ಪ್ಯಾರಡೈಸ್'ಗಾಗಿ ಬಾಷ್‌ನ ನಡುವಿನ ಹಲಗೆಯನ್ನು ಆರಿಸಿಕೊಂಡರು. ಅದರಲ್ಲಿದ್ದ ಜನರನ್ನೆಲ್ಲಾ ತೆಗೆದು ಬರಿದಾದ ಭೂದೃಶ್ಯವನ್ನು ಪುನಃ ಕಟ್ಟಿದರು. ಆಮೇಲೆ ಗಣಕಯಂತ್ರದಿಂದ ರೂಪಿಸಿದ ಅತಿವಾಸ್ತವ ಜೀವಿಗಳಿಂದ ಅದನ್ನು ತುಂಬಿದರು. ಕೊಳ್ಳುವ ಹಂಬಲ, ಸ್ವಾರ್ಥ, ಕಾಮದ ಸೆಳೆತ, ಒಣ ಪ್ರತಿಷ್ಠೆ, ವಾಸ್ತವದಿಂದ ತಪ್ಪಿಸಿಕೊಳ್ಳುವ ಆಸೆ ಇವೆಲ್ಲಾ ಅಲ್ಲಿ ದೇಹಧಾರಿಗಳಾಗಿ ತಿರುಗುತ್ತವೆ. ಬಾಷ್‌ನ ತೋಟದ ಜನರು ಬಹುಮಟ್ಟಿಗೆ ಒಬ್ಬರಂತೆ ಒಬ್ಬರಿದ್ದು ಗುಂಪುಗುಂಪಾಗಿ ಸೇರುತ್ತಾರೆ. ಇಲ್ಲಿಯಾದರೋ ಪ್ರತಿಯೊಂದು ಜೀವಿಯೂ ತಾನೇ ತನ್ನ ಲಾಂಛನ. ಒಂದು ಇನ್ನೊಂದನ್ನು ಲೆಕ್ಕಿಸದೆ ತನ್ನ ಚಲನೆಯನ್ನೇ ಮರಳಿ ಮರಳಿ ಮಾಡುತ್ತಿರುತ್ತದೆ.

ಈ ಕೃತಿಯ ಸತ್ಯವನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು. ಚಲಿಸುವ ಚಿತ್ರವು ಹಲಗೆಗೆ ಸಾಧ್ಯವಿಲ್ಲದ ಒಂದನ್ನು ತೋರಿಸುತ್ತದೆ, ಅದು ಪುನರಾವರ್ತನೆ. ಹಲಗೆಯ ಮೇಲೆ ಯಾತನೆ ಒಂದು ಕ್ಷಣ. ಸುತ್ತಿ ಸುತ್ತಿ ಬರುವ ಚಿತ್ರದಲ್ಲಿ ಅದು ಚಟ. ಪಾಪವು ಮನುಷ್ಯನನ್ನು ತನ್ನ ಕಡೆಗೇ ಬಾಗಿಸುತ್ತದೆ ಎಂದು ಲೂಥರನು ಕಲಿಸಿದನಷ್ಟೆ. ಆ ಬಾಗುವಿಕೆಯ ಚಲನರೂಪವನ್ನು ಈ ಕಲಾವಿದರು ಕಂಡುಹಿಡಿದಿದ್ದಾರೆ. ದೆವ್ವಗಳೂ ಬೆಂಕಿಯೂ ಇಲ್ಲದ ಆ ತೋಟದಲ್ಲಿ ಸುಖವೇ ಸೆರೆಯಾಗಿದೆ.

ಆದರೂ ಒಂದು ಕೊರತೆಯಿದೆ. 'ಪ್ಯಾರಡೈಸ್' ನಡುವಿನ ಹಲಗೆಯೊಂದನ್ನೇ ಆಧರಿಸಿ ಹುಟ್ಟಿತು. ಬಾಷ್ ಕೂಡ ಆ ಹಲಗೆಯಲ್ಲಿ ಕ್ರಿಸ್ತನನ್ನು ಚಿತ್ರಿಸಿರಲಿಲ್ಲ. ಅವನನ್ನು ಪಕ್ಕದ ಹಲಗೆಯಲ್ಲಿ, ಆದಿಯಲ್ಲಿ ನಿಲ್ಲಿಸಿದ್ದನು. ಬಾಷ್‌ನ ಹಲಗೆಗಳಿಗೆ ಎಡದಿಂದ ಬಲಕ್ಕೆ ಸಾಗುವ ದಾರಿಯಿತ್ತು, ಸೃಷ್ಟಿಯಿಂದ ಅಂತ್ಯದವರೆಗಿನ ಕಾಲವಿತ್ತು. ಸುತ್ತುವ ಚಿತ್ರಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಆದಿಯಿಲ್ಲದ ಕಡೆ ನಾವು ಎಲ್ಲಿಂದ ಬಿದ್ದೆವೆಂದು ತಿಳಿಯದು. ಅಂತ್ಯವಿಲ್ಲದ ಕಡೆ ನ್ಯಾಯತೀರ್ಪು ಬಾರದು, ಬಿಡುಗಡೆಯೂ ಬಾರದು. ಕನ್ನಡಿ ಉಳಿದಿದೆ, ಆದರೆ ಅದರ ಆಚೆಯಿಂದ ನಮ್ಮನ್ನು ನೋಡುವವನು ಕಾಣುವುದಿಲ್ಲ. ನ್ಯಾಯಾಧಿಪತಿಯನ್ನು ತೆಗೆದುಹಾಕಿದರೆ ನರಕವು ಸೌಮ್ಯವಾಗುವುದೆಂದು ನಮ್ಮ ಕಾಲದವರು ನಿರೀಕ್ಷಿಸಿದ್ದರು. ಅದು ಬಾಗಿಲಿಲ್ಲದ ಕೋಣೆಯಾಯಿತು. ಕ್ಷಮಿಸಬಲ್ಲವನು ತೀರ್ಪು ಕೊಡುವವನೇ ಅಲ್ಲವೇ?

ನಮ್ಮ ಪ್ರಸಂಗಪೀಠಕ್ಕೆ

ಕನ್ನಡ ಸತ್ಯವೇದವು ಗೆಹೆನ್ನವನ್ನು 'ನರಕ' ಎಂದೂ ಹೇಡಿಸ್ ಎಂಬುದನ್ನು 'ಪಾತಾಳ' ಎಂದೂ ಕರೆಯಿತು. ಎರಡೂ ನಮ್ಮ ನಾಡಿನ ಹಳೆಯ ಮಾತುಗಳು, ತಮ್ಮದೇ ಚಿತ್ರಗಳನ್ನು ಹೊತ್ತು ಬಂದವು. ಬಾಣಭಟ್ಟನ ಹರ್ಷಚರಿತದಲ್ಲಿಯೇ ಬೀದಿಯಲ್ಲಿ ಯಮಪಟವನ್ನು ಬಿಡಿಸಿ ತೋರಿಸುವವನು ಕಾಣಿಸಿಕೊಳ್ಳುತ್ತಾನೆ. ಆದುದರಿಂದ ನಾವು 'ನರಕ' ಎಂದೊಡನೆ ಕೇಳುಗರ ಕಣ್ಣಮುಂದೆ ಕುದಿಯುವ ಕೊಪ್ಪರಿಗೆ ತಾನಾಗಿ ಬಂದುನಿಲ್ಲುತ್ತದೆ. ಅದನ್ನು ಇನ್ನಷ್ಟು ಉರಿಸುವುದು ಕಷ್ಟವಲ್ಲ. ಆದರೆ ಮಾರ್ಗದರ್ಶಿಯಾಗಿ ಜೊತೆಗೆ ನಡೆಯುವುದು, ಅಳುವುದು, ಹಿಂದಿರುಗುವ ದಾರಿಯನ್ನು ತೋರಿಸುವುದು ಕಷ್ಟ. ಚಿತ್ರಗಳು ಮಾಡಲಾಗದ ಕೆಲಸ ಅದೇ. ಸಭಾಪಾಲಕನನ್ನು ನೇಮಿಸಿರುವುದೂ ಅದಕ್ಕಾಗಿಯೇ.

ಹೊಸ ಒಡಂಬಡಿಕೆಯಲ್ಲಿ ಗೆಹೆನ್ನ ಎಂಬ ಪದ ಹನ್ನೆರಡು ಸಲ ಬರುತ್ತದೆ. ಹನ್ನೊಂದು ಸಲ ಅದು ನಮ್ಮ ಕರ್ತನ ಬಾಯಿಂದಲೇ ಬಂದದ್ದು. ಅವನು ಅದನ್ನು ಸುಂಕದವರ ಮೇಲೆಯೋ ಅನ್ಯಜನರ ಮೇಲೆಯೋ ಎಸೆಯಲಿಲ್ಲ. ಶಿಷ್ಯರನ್ನು ಬೋಧಿಸುವಾಗಲೂ ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಗದರಿಸುವಾಗಲೂ ನುಡಿದನು. ಅಂದರೆ ದೇವರ ಮನೆಯವರಿಗೆ ನುಡಿದನು. ಹೀಗೆ ಎಚ್ಚರಿಸಿದವನೇ ಯೆರೂಸಲೇಮನ್ನು ಕಂಡು ಅತ್ತನು, ಮೃತರ ಲೋಕಕ್ಕೂ ಇಳಿದನೆಂದು ನಾವು ವಿಶ್ವಾಸಪ್ರಮಾಣದಲ್ಲಿ ಅರಿಕೆಮಾಡುತ್ತೇವೆ.

ಉಳಿದ ಹನ್ನೆರಡನೆಯ ಪ್ರಯೋಗ ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿದೆ. ಕನ್ನಡಿಯಲ್ಲಿ ಮುಖವನ್ನು ನೋಡಿ, ಹೋದಕೂಡಲೇ ಅದನ್ನು ಮರೆತುಬಿಡುವವನ ಬಗ್ಗೆ ಮೊದಲನೆಯ ಅಧ್ಯಾಯದಲ್ಲಿ ಎಚ್ಚರಿಸಿದ ಆ ಯಾಕೋಬನು ನರಕದ ಬೆಂಕಿಯ ವಿಷಯವಾಗಿ ಹೇಳುವುದು ನಾಲಿಗೆಯನ್ನು ಕುರಿತು. ಬೋಧಕರಾಗಲು ಬಹುಮಂದಿ ಆತುರಪಡಬಾರದೆಂಬ ಬುದ್ಧಿವಾದವೂ ಅದೇ ಅಧ್ಯಾಯದ್ದು. ನರಕವನ್ನು ಕುರಿತು ಪ್ರಸಂಗಿಸಲು ಸಿದ್ಧನಾಗುವವನು ಮೊದಲು ಆ ಅಧ್ಯಾಯವನ್ನು ತನಗಾಗಿ ಓದಿಕೊಳ್ಳಲಿ.