‘ಏಕಪಕ್ಷೀಯ’ಕ್ಕೆ ಇಂಗ್ಲಿಷಿನಲ್ಲಿ ಮೂರು ಪದ: ಯಾವುದು ಎಲ್ಲಿ ಬರೀಬೇಕು?

ಬಾಡಿಗೆ ಏರಿಕೆ, ಕರಾರು, ಕೋರ್ಟ್ ಆದೇಶ ಮೂರಕ್ಕೂ ನಾವು ‘ಏಕಪಕ್ಷೀಯ’ ಅಂತೀವಿ. ಇಂಗ್ಲಿಷಿನಲ್ಲಿ ಹಾಗಲ್ಲ. ಪದ ತಪ್ಪಿದ್ರೆ ದೂರಿನ ಅರ್ಥವೇ ಬದಲಾಗುತ್ತೆ.

ಯುನಿಲ್ಯಾಟರಲ್: ಇಬ್ಬರೂ ಒಪ್ಪಿ ಮಾಡಬೇಕಾದ್ದನ್ನು ಒಬ್ಬರೇ ಮಾಡಿದಾಗ. ಮಾಲೀಕರು ಕೇಳದೆ ಅಂಗಡಿ ಬಾಡಿಗೆ ಏರಿಸಿದ್ರೆ ‘ಎ ಯುನಿಲ್ಯಾಟರಲ್ ಇನ್‌ಕ್ರೀಸ್’. ಏರಿಕೆ ನೂರೇ ರೂಪಾಯಿ ಇರಲಿ, ನಿಮ್ಮ ಒಪ್ಪಿಗೆ ಇಲ್ಲ ಅನ್ನೋದೇ ಇಲ್ಲಿ ಮುಖ್ಯ. ‘ಏರಿಸಿದರು’ ಅಂತ ಕ್ರಿಯಾಪದದ ಜೊತೆ ಬಂದರೆ ‘ಯುನಿಲ್ಯಾಟರಲಿ’.

ಒನ್-ಸೈಡೆಡ್: ತಕ್ಕಡಿ ಒಂದೇ ಕಡೆ ವಾಲಿದಾಗ. ಷರತ್ತೆಲ್ಲ ಮಾಲೀಕರ ಪರವೇ ಇದ್ದರೆ ‘ಎ ಒನ್-ಸೈಡೆಡ್ ಅಗ್ರಿಮೆಂಟ್’. ಇದನ್ನು ಯುನಿಲ್ಯಾಟರಲ್ ಅನ್ನೋ ಹಾಗಿಲ್ಲ, ನೀವೂ ಸಹಿ ಹಾಕಿದ್ದೀರಲ್ಲ! ‘ಒನ್ ಸೈಡ್ ಲವ್’ ಮಾತಲ್ಲಿ ನಡೆಯುತ್ತೆ. ಬರೆಯುವಾಗ ಕೊನೆಯ ‘ಇಡಿ’ ಬಿಡಬೇಡಿ.

ಎಕ್ಸ್ ಪಾರ್ಟಿ: ಒಬ್ಬರು ಹಾಜರಾಗದೆ ಇನ್ನೊಬ್ಬರ ವಾದ ಮಾತ್ರ ಕೇಳಿ ಕೋರ್ಟ್ ಕೊಡುವ ಆದೇಶ ‘ಆ್ಯನ್ ಎಕ್ಸ್ ಪಾರ್ಟಿ ಆರ್ಡರ್’. ಸ್ಪೆಲಿಂಗ್ ಕೊನೆಗೆ ‘ಟಿ-ಇ’, ‘ಟಿ-ವೈ’ ಅಲ್ಲ. ನೋಟಿಸಿನಲ್ಲಿ ಈ ಪದ ಕಂಡರೆ ಮಡಚಿ ಗಲ್ಲಾದೊಳಗೆ ಇಡಬೇಡಿ. ಸಿವಿಲ್ ದಾವೆಯಲ್ಲಿ ಎಕ್ಸ್ ಪಾರ್ಟಿ ಡಿಕ್ರಿ ಆದರೆ, ಸರಿಯಾದ ಕಾರಣ ತೋರಿಸಿ ರದ್ದು ಕೋರಲು ಡಿಕ್ರಿ ದಿನದಿಂದ 30 ದಿನ ಕಾಲಾವಕಾಶ. ಸಮನ್ಸ್ ಸರಿಯಾಗಿ ತಲುಪದೇ ಇದ್ದರೆ ವಿಷಯ ಗೊತ್ತಾದ ದಿನದಿಂದ ಲೆಕ್ಕ. ತಡ ಮಾಡದೆ ವಕೀಲರನ್ನು ಕಾಣಿ.

ನೆನಪಿಡಿ: ಯುನಿಲ್ಯಾಟರಲ್, ಒನ್-ಸೈಡೆಡ್ ಸ್ಪೆಲಿಂಗ್ ಸ್ವರದಿಂದ ಶುರುವಾದ್ರೂ ಉಚ್ಚಾರ ‘ಯು’, ‘ವ’. ಅದಕ್ಕೇ ಅವುಗಳ ಹಿಂದೆ ‘ಎ’ ಬರುತ್ತೆ, ‘ಆ್ಯನ್’ ಅಲ್ಲ.